ಜೀಪಿನ ಸ್ಟೆಪ್ನಿ ಎಲ್ಲಿರಬೇಕು?

ಮಳೆ ಹಿಂದೆಗೆದು ಕೊಯ್ಲಿನ ಕೆಲಸ ಆರಂಭವಾಗುವ ಮುನ್ನ ಜೀಪು, ಪಿಕಪ್ಪುಗಳನ್ನು ಗ್ಯಾರೇಜಿಗೆ ಬಿಡುವುದು ನಮ್ಮಲ್ಲಿ ವಾಡಿಕೆ. ಬ್ರೇಕು, ಕ್ಲಚ್ಚು, ಸ್ಪ್ರಿಂಗ್ ಪಟ್ಟಿ, ಎಣ್ಣೆ ಎಲ್ಲವನ್ನೂ ನೋಡಿಸುತ್ತೇವೆ. ಸ್ಟೆಪ್ನಿಯ ಕಡೆಗೆ ಮಾತ್ರ ಯಾರೂ ಕಣ್ಣು ಹಾಯಿಸುವುದಿಲ್ಲ. ಅದು ಇದ್ದಲ್ಲಿ ಇದೆ, ಬೇಕಾದಾಗ ಸಿಗುತ್ತದೆ ಎಂಬ ನಂಬಿಕೆ. ಸಿಗುತ್ತದೆಯೆ, ಸಿಕ್ಕರೂ ಕೈಗೆ ಬರುತ್ತದೆಯೆ ಎಂಬುದು ಅದನ್ನು ಎಲ್ಲಿ, ಹೇಗೆ ಕೂರಿಸಿದ್ದಾರೆ ಎಂಬುದರ ಮೇಲೆ ನಿಂತಿದೆ.

ಈ ವರ್ಷ ಈ ಪ್ರಶ್ನೆ ಸಂಘದ ಕಚೇರಿಯವರೆಗೆ ಬಂದಿತು. ಸದಸ್ಯರೊಬ್ಬರು ಬಾದಾಮಿ ತಾಲ್ಲೂಕಿನ ಕೆರೂರಿನ ಕಡೆಯಿಂದ ಹಳೆಯ ಜೀಪೊಂದನ್ನು ಕೊಂಡು ತಂದಿದ್ದಾರೆ. ಅದರ ಸ್ಟೆಪ್ನಿ ಪಕ್ಕದ ತಗಡಿನ ಮೇಲೆ ಹೊರಕ್ಕೆ ಚಾಚಿಕೊಂಡಿದೆ. ಅದನ್ನು ಹಿಂದಕ್ಕೆ ಹಾಕಿಸಬೇಕೆ, ಬಾನೆಟ್ಟಿನ ಮೇಲೆ ಇಡಬೇಕೆ, ಇದ್ದ ಹಾಗೆಯೇ ಬಿಡಬೇಕೆ ಎಂದು ಅವರು ಕೇಳಿದರು. ಇದೇ ಸಂದೇಹ ಇನ್ನೂ ಹಲವರಿಗೆ ಇರುವುದರಿಂದ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ವಿವರಿಸುತ್ತೇವೆ.

ಹೆಸರು ಬಂದ ಬಗೆ

ಮೊದಲ ಮೋಟಾರು ಕಾರುಗಳಿಗೆ ಹೆಚ್ಚಿನ ಚಕ್ರವೇ ಇರಲಿಲ್ಲ. ಗಾಳಿ ಹೋದರೆ ರಸ್ತೆಯ ಬದಿಯಲ್ಲಿ ಕುಳಿತು ಟೈರು ಬಿಚ್ಚಿ, ಟ್ಯೂಬಿಗೆ ತೇಪೆ ಹಾಕಿ, ಮತ್ತೆ ಗಾಳಿ ತುಂಬಬೇಕಾಗಿತ್ತು. 1904ರಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತದ ಲನೆಥ್ಲಿ ಎಂಬ ಊರಿನಲ್ಲಿ ಡೇವಿಸ್ ಸಹೋದರರು ಗಾಳಿ ತುಂಬಿದ ಟೈರು ಇರುವ, ಕಡ್ಡಿಗಳಿಲ್ಲದ ಒಂದು ಬಳೆಯನ್ನು ತಯಾರಿಸಿದರು. ಗಾಳಿ ಹೋದ ಚಕ್ರವನ್ನು ಬಿಚ್ಚದೆ ಅದರ ಪಕ್ಕಕ್ಕೇ ಈ ಬಳೆಯನ್ನು ಬಿಗಿದು ಊರು ಸೇರಬಹುದಾಗಿತ್ತು. ಅವರ ಕಾರ್ಖಾನೆ ಇದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ಬೀದಿಯ ಹೆಸರು ಚಕ್ರಕ್ಕೆ ಬಂತು. ಆ ಬಳೆ ಎಂದೋ ಮರೆಯಾಯಿತು. ಹೆಸರು ಮಾತ್ರ ನಮ್ಮ ದೇಶದಲ್ಲಿ ಇಂದಿಗೂ ಪ್ರತಿಯೊಬ್ಬ ಡ್ರೈವರನ ಬಾಯಲ್ಲಿದೆ.

ಜೀಪಿನ ಮೇಲೆ ಸ್ಟೆಪ್ನಿಯ ಜಾಗ ಬದಲಾದ ಕಥೆಯೂ ತಿಳಿಯತಕ್ಕದ್ದು. ಎರಡನೆಯ ಮಹಾಯುದ್ಧಕ್ಕಾಗಿ 1941ರಿಂದ 1945ರವರೆಗೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಆ ಸೇನಾ ಜೀಪಿಗೆ ಹಿಂದೆ ತೆರೆಯುವ ಡಾಲಾ ಇರಲಿಲ್ಲ, ಹಿಂಬದಿ ಮುಚ್ಚಿದ ತಗಡು. ಆದುದರಿಂದ ಸ್ಟೆಪ್ನಿಯನ್ನು ಹಿಂಬದಿಗೇ ಬಿಗಿದು ಅದರ ಪಕ್ಕದಲ್ಲಿ ಪೆಟ್ರೋಲ್ ಡಬ್ಬಿ ಇಟ್ಟರು. ಯುದ್ಧ ಮುಗಿಯುವ ಹೊತ್ತಿಗೆ, 1945ರಲ್ಲಿ, ಅದೇ ಕಂಪನಿ ರೈತರಿಗೆಂದು ಸಿ.ಜೆ.-2ಎ ಎಂಬ ಜೀಪನ್ನು ಮಾರಾಟಕ್ಕೆ ತಂದಿತು. ರೈತನಿಗೆ ಮೂಟೆ ಏರಿಸಬೇಕು, ಇಳಿಸಬೇಕು. ಹಿಂದೆ ತೆರೆಯುವ ಡಾಲಾ ಬಂತು, ಸ್ಟೆಪ್ನಿ ಪಕ್ಕಕ್ಕೆ ಸರಿಯಿತು. 1940ರ ದಶಕದ ಕೊನೆಯಲ್ಲಿ ಮಹೀಂದ್ರಾ ಕಂಪನಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ತೊಡಗಿತು. ಆ ಕುಲದ ಜೀಪುಗಳೇ ಮಲೆನಾಡಿನ ತೋಟಗಳಿಗೂ ಬಯಲುಸೀಮೆಯ ಹೊಲಗಳಿಗೂ ಬಂದವು.

ಸ್ಟೆಪ್ನಿಗೆ ದೇವರು ಕೊಟ್ಟ ಜಾಗ ಎಂಬುದು ಯಾವುದೂ ಇಲ್ಲ ಎಂದು ಇದರಿಂದ ತಿಳಿಯುತ್ತದೆ. ಗಾಡಿ ಏನು ಹೊರುತ್ತದೆ, ಎಂಥ ದಾರಿಯಲ್ಲಿ ಓಡುತ್ತದೆ ಎಂಬುದನ್ನು ನೋಡಿ ಜಾಗ ಗೊತ್ತುಮಾಡಬೇಕು.

ಕೆರೂರಿನ ದಾರಿ, ನಮ್ಮ ದಾರಿ

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಕೆರೂರು ಸಿಗುತ್ತದೆ. ಬಾದಾಮಿ, ಪಟ್ಟದಕಲ್ಲು ನೋಡಿಕೊಂಡು ಬಾಗಲಕೋಟೆಯ ಕಡೆಗೆ ಹೋದವರಿಗೆ ಆ ಸೀಮೆ ಗೊತ್ತಿರುತ್ತದೆ. ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ಬಯಲು ವಿಶಾಲ, ದಾರಿಯ ಎರಡು ಬದಿಯೂ ತೆರವು. ಅಲ್ಲಿ ಟೈರಿನ ಶತ್ರುಗಳು ಜಾಲಿಮುಳ್ಳು, ಕಲ್ಲು ಮತ್ತು ಬಿಸಿಲು. ಮುಳ್ಳು ಚುಚ್ಚುವುದು ಪದೇ ಪದೇ ಆಗುವ ಕೆಲಸ. ಆದುದರಿಂದ ಸ್ಟೆಪ್ನಿ ಥಟ್ಟನೆ ಕೈಗೆ ಸಿಗಬೇಕು, ಜೋಳದ ಚೀಲ, ಈರುಳ್ಳಿ ಚೀಲ ಏರಿಸಲು ಡಾಲಾ ಬಿಡುವಾಗಿರಬೇಕು. ಪಕ್ಕಕ್ಕೆ ಬಿಗಿದ ಚಕ್ರ ಅಲ್ಲಿ ಸರಿಯಾದ ಏರ್ಪಾಡೇ. ಒಂದು ಗೇಣು ಹೊರಕ್ಕೆ ಚಾಚಿದರೂ ತಾಗುವುದಕ್ಕೆ ಅಲ್ಲಿ ಏನೂ ಇಲ್ಲ.

ಅದೇ ಜೀಪು ನಮ್ಮ ತೋಟಕ್ಕೆ ಬಂದರೆ ಮಾತು ಬೇರೆ. ಆಗುಂಬೆಯಲ್ಲಿ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅಷ್ಟು ಬೀಳದ ಊರುಗಳಲ್ಲಿಯೂ ನಾಲ್ಕು ತಿಂಗಳು ದಾರಿ ಕೆಸರೇ. ತೋಟದ ರಸ್ತೆ ಎಂದರೆ ಒಂದು ಕಡೆ ದರೆ, ಇನ್ನೊಂದು ಕಡೆ ಇಳಿಜಾರು, ನಡುವೆ ಗಾಡಿಯ ಅಗಲಕ್ಕಿಂತ ಒಂದೆರಡು ಅಡಿ ಹೆಚ್ಚು. ದಾರಿಗೆ ಬಾಗಿದ ಕಾಫಿ ರೆಕ್ಕೆ, ತಿರುವಿನಲ್ಲಿ ಸಿಲ್ವರ್ ಓಕ್ ಮರ, ಹಳ್ಳದ ಮೇಲಿನ ಕಿರಿದಾದ ಮೋರಿ. ಪಕ್ಕದ ಸ್ಟೆಪ್ನಿ ಇಲ್ಲಿ ಮೊದಲು ರೆಕ್ಕೆ ಮುರಿಯುತ್ತದೆ, ಆಮೇಲೆ ದರೆಗೆ ಉಜ್ಜುತ್ತದೆ, ಒಂದು ದಿನ ಮರಕ್ಕೆ ತಾಗಿ ಪಕ್ಕದ ತಗಡನ್ನೇ ಹರಿಯುತ್ತದೆ. ದಾರಿಯ ಬದಿಗೆ ಒತ್ತಿ ನಿಂತ ಕೆಲಸಗಾರರಿಗೆ ತಾಗುವ ಭಯ ಬೇರೆ. ಡ್ರೈವರನ ಲಕ್ಷ್ಯ ಮುಂದಿನ ಚಕ್ರದ ಮೇಲಿರುತ್ತದೆ, ಹಿಂದೆ ಚಾಚಿಕೊಂಡಿರುವುದು ನೆನಪಿಗೆ ಬರುವುದಿಲ್ಲ.

ತೂಕದ ಲೆಕ್ಕವನ್ನೂ ನೋಡೋಣ. ರಿಮ್ಮು ಸಹಿತ ಸ್ಟೆಪ್ನಿ ಸುಮಾರು 25 ಕಿಲೋ ಎಂದು ಹಿಡಿಯೋಣ. ಪಕ್ಕಕ್ಕೆ ಬಿಗಿದರೆ ಈ 25 ಕಿಲೋ ಬಹುಮಟ್ಟಿಗೆ ಪೂರ್ತಿಯಾಗಿ ಆ ಒಂದೇ ಬದಿಯ ಎರಡು ಚಕ್ರಗಳ ಮೇಲೆ ಬೀಳುತ್ತದೆ. ಸಮ ದಾರಿಯಲ್ಲಿ ಇದು ಏನೂ ಅಲ್ಲ. ಕೆಳಬದಿಗೆ ವಾಲುವ ದಾರಿಯಲ್ಲಿ ಸ್ಟೆಪ್ನಿಯೂ ಕೆಳಬದಿಗೇ ಇದ್ದರೆ, ಜೊತೆಗೆ ಮೂಟೆಗಳೂ ಅತ್ತಲೇ ಸರಿದರೆ, ಆಗ ಗಮನಿಸಬೇಕಾದ ವಿಷಯವೇ.

ಹಿಂಬಾಗಿಲಿನ ಮೇಲೆ

ಇಂದು ನಮ್ಮ ನಡುವೆ ಓಡುವ ಬೊಲೆರೊ, ಥಾರ್, ಜಿಮ್ನಿ ಗಾಡಿಗಳಲ್ಲೂ, ಹಿಂದೆ ಬರುತ್ತಿದ್ದ ಜಿಪ್ಸಿಯಲ್ಲೂ ಸ್ಟೆಪ್ನಿ ಹಿಂಬಾಗಿಲಿನ ಮೇಲೆಯೇ ಇದೆ. ಕಿರಿದಾದ ದಾರಿಗೆ ಇದು ಒಳ್ಳೆಯ ಜಾಗ. ಗಾಡಿಯ ಅಗಲ ಹೆಚ್ಚುವುದಿಲ್ಲ, ಚಕ್ರ ಕೆಸರಿನಿಂದ ಮೇಲಿರುತ್ತದೆ, ನಿಂತುಕೊಂಡೇ ಬಿಚ್ಚಬಹುದು. ಆದರೂ ನಾಲ್ಕು ತೊಂದರೆಗಳನ್ನು ತಿಳಿದಿರಬೇಕು.

ಒಂದು, ಬಿಜಾಗರಿಗಳ ಸವೆತ. ಬಾಗಿಲಿನಿಂದ ಹೊರಕ್ಕೆ ತೂಗುವ 25 ಕಿಲೋ ಪ್ರತಿ ಗುಂಡಿಯಲ್ಲೂ ಬಾಗಿಲನ್ನು ಜಗ್ಗುತ್ತದೆ. ಮೊದಲು ಬಾಗಿಲು ಜೋಲುತ್ತದೆ, ಆಮೇಲೆ ಬೋಲ್ಟಿನ ತೂತಿನ ಅಂಚಿನಿಂದ ತಗಡು ಸೀಳುತ್ತದೆ. ಚಕ್ರ ಬಾಗಿಲಿಗೆ ಎಷ್ಟು ಒತ್ತಿಕೊಂಡಿದ್ದರೆ ಅಷ್ಟು ಒಳ್ಳೆಯದು. ಚಕ್ರಕ್ಕೂ ಬಾಗಿಲಿಗೂ ನಡುವೆ ಗಟ್ಟಿ ರಬ್ಬರಿನ ಗುಬ್ಬಿಗಳಿದ್ದು, ಚಕ್ರ ಅವುಗಳಿಗೆ ಒತ್ತಿ ಕೂತಿರಬೇಕು. ಕೈಯಿಂದ ಅಲ್ಲಾಡಿಸಿದರೆ ಗಾಡಿ ಅಲ್ಲಾಡಬೇಕೇ ಹೊರತು ಚಕ್ರ ಅಲ್ಲಾಡಬಾರದು. ಹಳೆಯ ಗಾಡಿಯಾದರೆ ಬಾಗಿಲಿನ ಒಳಬದಿಗೆ ಅಗಲವಾದ ಕಬ್ಬಿಣದ ಪಟ್ಟಿ ಕೊಟ್ಟು ಬೋಲ್ಟು ಬಿಗಿಸಿದರೆ ಭಾರ ಹಂಚಿಹೋಗುತ್ತದೆ.

ಎರಡು, ಮುಂಭಾಗ ಹಗುರಾಗುವುದು. ಹಳೆಯ ಸಣ್ಣ ಜೀಪಿನ ಮುಂದಿನ ಆಕ್ಸಲ್ಲಿಗೂ ಹಿಂದಿನ ಆಕ್ಸಲ್ಲಿಗೂ ನಡುವೆ 80 ಇಂಚು, ಅಂದರೆ 203 ಸೆಂಟಿಮೀಟರ್. ಸ್ಟೆಪ್ನಿ ಹಿಂದಿನ ಆಕ್ಸಲ್ಲಿನಿಂದ 90 ಸೆಂಟಿಮೀಟರ್ ಹಿಂದಿದ್ದರೆ ಲೆಕ್ಕ ಹೀಗೆ: 25ನ್ನು 90ರಿಂದ ಗುಣಿಸಿ 203ರಿಂದ ಭಾಗಿಸಿದರೆ 11. ಮುಂದಿನ ಚಕ್ರಗಳ ಮೇಲಿನ ಭಾರ 11 ಕಿಲೋ ಇಳಿಯಿತು, ಹಿಂದಿನದರ ಮೇಲೆ 36 ಕಿಲೋ ಏರಿತು. ನಮ್ಮ ಮನೆಯ ತಕ್ಕಡಿ ಕೋಲಿನ ನ್ಯಾಯವೇ ಇದು. 11 ಕಿಲೋ ದೊಡ್ಡದಲ್ಲ. ಆದರೆ ಅದರ ಜೊತೆಗೆ ನಾಲ್ಕು ಕಾಫಿ ಮೂಟೆಗಳನ್ನು ಡಾಲಾದ ಅಂಚಿಗೇ ಜೋಡಿಸಿ ಕಡಿದಾದ ಏರು ಹತ್ತಿದರೆ ಮುಂದಿನ ಚಕ್ರಗಳು ನೆಲವನ್ನು ಸರಿಯಾಗಿ ಕಚ್ಚುವುದಿಲ್ಲ, ಸ್ಟಿಯರಿಂಗ್ ಹಗುರಾಗುತ್ತದೆ. ಪರಿಹಾರ ಸುಲಭ: ಮೂಟೆಗಳನ್ನು ಸೀಟಿನ ಬೆನ್ನಿಗೆ ಒತ್ತಿ ಮುಂದೆ ಜೋಡಿಸಬೇಕು.

ಮೂರು, ಬಾಗಿಲಿನ ಹೊಡೆತ. ಪಕ್ಕಕ್ಕೆ ತೆರೆಯುವ ಭಾರವಾದ ಬಾಗಿಲು ಇಳಿಜಾರಿನಲ್ಲಿ ತಾನಾಗಿಯೇ ಚಲಿಸುತ್ತದೆ. ಮೂತಿ ಮೇಲಾಗಿ ನಿಂತಾಗ ಅದು ತೆರೆದುಕೊಂಡು ನಿಲ್ಲುತ್ತದೆ. ಮೂತಿ ಕೆಳಗಾಗಿ ನಿಂತಾಗ ಅರ್ಧ ತೆರೆದ ಬಾಗಿಲು ಮರಳಿ ಬಂದು, ಮೂಟೆ ಎಳೆಯುತ್ತಿರುವವನ ಬೆರಳಿಗೆ ಹೊಡೆಯುತ್ತದೆ. ಬಾಗಿಲನ್ನು ತಡೆದು ನಿಲ್ಲಿಸುವ ಕಡ್ಡಿ ಕೆಲಸ ಮಾಡುತ್ತಿದೆಯೇ ನೋಡಿ. ಇಲ್ಲದಿದ್ದರೆ ಒಂದು ತುಂಡು ಹಗ್ಗವಾದರೂ ಇರಲಿ.

ನಾಲ್ಕು, ಕಣ್ಣಿಗೆ ಮರೆ. ಮೊದಲಿದ್ದ ಟೈರಿಗಿಂತ ದೊಡ್ಡದನ್ನು ಹಾಕಿಸಿದವರ ಗಾಡಿಗಳಲ್ಲಿ ಸ್ಟೆಪ್ನಿ ಹಿಂದಿನ ಗಾಜನ್ನೂ, ಕೆಲವು ಸಲ ದೀಪವನ್ನೂ ನಂಬರ್ ಫಲಕವನ್ನೂ ಮರೆಮಾಡುತ್ತದೆ. ಹಿಂದಕ್ಕೆ ತೆಗೆಯುವಾಗ ಲೈನು ಮನೆಯ ಮಗುವೊಂದು ಹಿಂದೆ ನಿಂತಿದ್ದರೆ ಕಾಣುವುದಿಲ್ಲ. ಕಣದಲ್ಲಿ, ಲೈನುಗಳ ಹತ್ತಿರ ಗಾಡಿ ಹಿಂದಕ್ಕೆ ತೆಗೆಯುವಾಗ ಒಬ್ಬರು ಇಳಿದು ನಿಂತು ಹೇಳುವುದನ್ನು ಕಡ್ಡಾಯ ಮಾಡಿಕೊಳ್ಳಿ.

ಗಾಡಿಯ ಹೊಟ್ಟೆಯ ಕೆಳಗೆ

ಅನೇಕ ಪಿಕಪ್ಪುಗಳಲ್ಲಿಯೂ ಸ್ಕಾರ್ಪಿಯೊದಂತಹ ದೊಡ್ಡ ಗಾಡಿಗಳಲ್ಲಿಯೂ ಸ್ಟೆಪ್ನಿಯನ್ನು ಹಿಂಭಾಗದ ಅಡಿಯಲ್ಲಿ ತೂಗುಹಾಕಿರುತ್ತಾರೆ. ಭಾರ ಕೆಳಗಿರುತ್ತದೆ, ಮೂಟೆಗೆ ಅಡ್ಡಿಯಿಲ್ಲ, ಹಿಂದಿನ ಗಾಜಿಗೆ ಮರೆಯಿಲ್ಲ. ಡಾಂಬರು ರಸ್ತೆಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಮಲೆನಾಡಿನ ಕೆಸರಿಗೆ ಮಾತ್ರ ಇದು ಅತಿ ತೊಂದರೆಯ ಜಾಗ.

ಹಳ್ಳ ದಾಟಿ ದಡ ಹತ್ತುವಾಗ ಹಿಂಭಾಗದಲ್ಲಿ ಮೊದಲು ನೆಲಕ್ಕೆ ತಾಗುವುದು ಇದೇ ಚಕ್ರ. ಇದನ್ನು ಇಳಿಸುವ ಸರಪಳಿ, ತಿರುಪುಗಳ ಮೇಲೆ ನಾಲ್ಕು ತಿಂಗಳು ಕೆಸರು ಹಾರಿ ತುಕ್ಕು ಕಟ್ಟುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಹಿಂದಿನ ಟೈರಿನ ಗಾಳಿ ಹೋದರೆ ಗಾಡಿಯ ಹಿಂಭಾಗ ಕುಸಿಯುತ್ತದೆ, ಸ್ಟೆಪ್ನಿಯನ್ನು ಹೊರಗೆ ಎಳೆಯುವಷ್ಟು ಸಂದು ಉಳಿಯುವುದಿಲ್ಲ. ಮೊದಲು ಜಾಕು ಹಾಕಿ ಗಾಡಿ ಎತ್ತಿ, ಆಮೇಲೆ ಅದರ ಕೆಳಗೆ ಕೈ ಹಾಕಬೇಕು. ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಹೋಗುವುದು ಎಂದಿಗೂ ಮಾಡಬಾರದ ಕೆಲಸ.

ಎರಡು ಮಳೆಗಾಲಗಳ ಹಿಂದೆ ಸದಸ್ಯರೊಬ್ಬರ ತೋಟದ ಲೈನಿನಿಂದ ಹಾವು ಕಚ್ಚಿದ ಕೆಲಸಗಾರ್ತಿಯನ್ನು ರಾತ್ರಿ ಪಿಕಪ್ಪಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಅರ್ಧ ದಾರಿಯಲ್ಲಿ ಹಿಂದಿನ ಟೈರು ಕಲ್ಲಿಗೆ ಸಿಕ್ಕಿ ಸೀಳಿತು. ಸ್ಟೆಪ್ನಿಯಲ್ಲಿ ಗಾಳಿ ಇತ್ತು, ಜಾಕು ಇತ್ತು. ಸ್ಟೆಪ್ನಿ ಇಳಿಸುವ ತಿರುಪು ಮಾತ್ರ ತುಕ್ಕು ಹಿಡಿದು ಒಂದು ಸುತ್ತೂ ತಿರುಗಲಿಲ್ಲ. ಮಳೆ, ಕತ್ತಲೆ, ಇಂಬಳ, ಫೋನಿಗೆ ಸಿಗ್ನಲ್ ಇಲ್ಲ. ಒಬ್ಬರು ನಡೆದುಹೋಗಿ ಪಕ್ಕದ ತೋಟದ ಜೀಪು ತರುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು. ಹೆಣ್ಣುಮಗಳು ಉಳಿದುಕೊಂಡರು. ಆದರೆ ಹಾವಿನ ವಿಷಕ್ಕೆ ಮುಕ್ಕಾಲು ಗಂಟೆ ಎಂದರೆ ಏನೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ತೋಟದ ಗಾಡಿಯೇ ನಮ್ಮ ಆಂಬುಲೆನ್ಸ್. ಈ ಲೇಖನದ ಕಾರಣವೂ ಅದೇ.

ಸ್ಟೆಪ್ನಿ ಕೆಳಗಿರುವ ಗಾಡಿಯವರು ಮೇ ತಿಂಗಳ ಕೊನೆಗೊಮ್ಮೆ, ಆಗಸ್ಟಿನಲ್ಲೊಮ್ಮೆ ಅದನ್ನು ಪೂರ್ತಿ ಇಳಿಸಿ, ತಿರುಪಿಗೂ ಸರಪಳಿಗೂ ಗ್ರೀಸು ಹಚ್ಚಿ ಮತ್ತೆ ಏರಿಸಬೇಕು. ಮಳೆ ಜೋರಾಗಿರುವ ದಿನಗಳಲ್ಲಿ ಡಾಲಾದ ಒಳಗೇ ಇಟ್ಟು ಕಟ್ಟಿಕೊಳ್ಳುವುದು ಇನ್ನೂ ಉತ್ತಮ.

ಉಳಿದ ಮೂರು ಜಾಗಗಳು

ಬಾನೆಟ್ಟಿನ ಮೇಲೆ: 1948ರಲ್ಲಿ ಬಂದ ಲ್ಯಾಂಡ್ ರೋವರ್ ಕುಲದ ಗಾಡಿಗಳಲ್ಲಿ ಸ್ಟೆಪ್ನಿಯನ್ನು ಬಾನೆಟ್ಟಿನ ಮೇಲೆ ಕೂರಿಸುತ್ತಿದ್ದುದುಂಟು. ಭಾರ ಮುಂದಿನ ಚಕ್ರಗಳ ಮೇಲೆ ಬೀಳುವುದರಿಂದ ಏರು ಹತ್ತಲು ಅನುಕೂಲ. ಆದರೆ ಇಳಿತದ ತಿರುವಿನಲ್ಲಿ ಮೂತಿಯ ಮುಂದಿನ ನೆಲ ಕಾಣುವುದಿಲ್ಲ. ನೀರು, ಎಣ್ಣೆ ನೋಡಲು ಬಾನೆಟ್ಟು ಎತ್ತುವಾಗಲೆಲ್ಲ ಚಕ್ರವನ್ನೂ ಎತ್ತಬೇಕು. ಅದಕ್ಕಾಗಿಯೇ ಗಟ್ಟಿ ಮಾಡಿದ ಬಾನೆಟ್ಟು ಇಲ್ಲದ ಗಾಡಿಗೆ ಇದು ಬೇಡ.

ಚಾವಣಿಯ ಮೇಲೆ: ಇದನ್ನು ನಾವು ಒಪ್ಪುವುದಿಲ್ಲ. 1100 ಕಿಲೋ ತೂಗುವ ಜೀಪಿನ ಭಾರದ ಕೇಂದ್ರ ನೆಲದಿಂದ 65 ಸೆಂಟಿಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. 25 ಕಿಲೋ ಚಕ್ರವನ್ನು 190 ಸೆಂಟಿಮೀಟರ್ ಎತ್ತರದಲ್ಲಿಟ್ಟರೆ ಆ ಕೇಂದ್ರ ಸುಮಾರು 3 ಸೆಂಟಿಮೀಟರ್ ಮೇಲಕ್ಕೆ ಹೋಗುತ್ತದೆ. ವಾಲಿದ ದಾರಿಯಲ್ಲಿ ಗಾಡಿ ಮಗುಚದೆ ನಿಲ್ಲುವ ಮಿತಿ ಅಷ್ಟರ ಮಟ್ಟಿಗೆ ಕುಗ್ಗುತ್ತದೆ. ಜೊತೆಗೆ ಕೆಸರಿನಲ್ಲಿ ನಿಂತು 25 ಕಿಲೋವನ್ನು ತಲೆಯ ಮೇಲಿನಿಂದ ಇಳಿಸಬೇಕು. ಗಾಡಿಯಲ್ಲಿ ಒಬ್ಬರೇ ಹೆಂಗಸೋ ವಯಸ್ಸಾದವರೋ ಇದ್ದರೆ ಆಗದ ಮಾತು.

ಗಾಡಿಯ ಒಳಗೆ: ಮಳೆ, ಬಿಸಿಲು, ಕಳ್ಳ ಈ ಮೂರರಿಂದಲೂ ರಕ್ಷಣೆ. ಜಾಗ ಹೋಗುತ್ತದೆ ಎಂಬುದೊಂದೇ ಕೊರತೆಯಲ್ಲ. ಕಟ್ಟದೆ ಇಟ್ಟ ಚಕ್ರ ಥಟ್ಟನೆ ಬ್ರೇಕು ಹಾಕಿದಾಗ ಮುಂದಕ್ಕೆ ನುಗ್ಗಿ ಕುಳಿತವರ ಬೆನ್ನಿಗೆ ಬಡಿಯುತ್ತದೆ. ಒಳಗಿಡುವುದಾದರೆ ಸೀಟಿನ ಹಿಂದೆ ನಿಲ್ಲಿಸಿ, ಮೈಗೆ ಬೋಲ್ಟು ಹಾಕಿದ ಕೊಕ್ಕೆಗಳಿಗೆ ಬಿಗಿಯಬೇಕು.

ಕಾನೂನು ಏನೆನ್ನುತ್ತದೆ

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಗೊತ್ತುಮಾಡಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಆದುದರಿಂದ ತಗಡು ಕತ್ತರಿಸಿ, ಚಾಸಿಗೆ ವೆಲ್ಡಿಂಗ್ ಮಾಡಿಸಿ ಹೊಸ ಜಾಗಕ್ಕೆ ಒಯ್ಯುವ ಮೊದಲು ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸಿ. ಅದೇ ಮಾದರಿಗೆ ಕಂಪನಿಯವರೇ ಮಾಡಿದ ಹಿಂಬದಿ ಬ್ರಾಕೆಟ್ಟು ಸಿಕ್ಕರೆ ಅದೇ ಮೇಲು. ಎಲ್ಲಿ ಹಾಕಿದರೂ ನಂಬರ್ ಫಲಕ, ಹಿಂದಿನ ದೀಪಗಳು ಸ್ಪಷ್ಟವಾಗಿ ಕಾಣುತ್ತಿರಬೇಕು.

ಹೊಸ ಗಾಡಿ ಕೊಳ್ಳುವವರಿಗೆ ಇನ್ನೊಂದು ಮಾತು. ಟ್ಯೂಬಿಲ್ಲದ ಟೈರು, ಗಾಳಿಯ ಒತ್ತಡ ತೋರಿಸುವ ಸಲಕರಣೆ ಮತ್ತು ಪಂಕ್ಚರ್ ಮುಚ್ಚುವ ಸಾಮಾನು ಕೊಟ್ಟರೆ ಪ್ರಯಾಣಿಕ ಗಾಡಿಯನ್ನು ಸ್ಟೆಪ್ನಿ ಇಲ್ಲದೆಯೂ ಮಾರಬಹುದೆಂದು ಕೇಂದ್ರ ಸರಕಾರ 2020ರಲ್ಲಿ ನಿಯಮ ಮಾಡಿದೆ. ಪೇಟೆಯ ಮೊಳೆಗೆ ಆ ಸಾಮಾನು ಸಾಕು. ನಮ್ಮ ದಾರಿಯಲ್ಲಿ ಕಾಫಿ ಗಿಡದ ಕಡಿದ ಬುಡವೋ ಚೂಪು ಕಲ್ಲೋ ಟೈರಿನ ಪಕ್ಕೆಯನ್ನೇ ಸೀಳಿದರೆ ಅದರಿಂದ ಏನೂ ಆಗುವುದಿಲ್ಲ. ಸ್ಟೆಪ್ನಿ ಇದೆಯೇ, ಉಳಿದ ನಾಲ್ಕರಷ್ಟೇ ದೊಡ್ಡದಾಗಿದೆಯೇ ಎಂದು ಕೇಳಿ ಕೊಳ್ಳಿ. ಫೋರ್‌ವೀಲ್ ಹಾಕಿ ಓಡಿಸುವ ಜೀಪಿನಲ್ಲಿ ಒಂದು ಚಕ್ರ ಸಣ್ಣದಾದರೆ ಗೇರು ಪೆಟ್ಟಿಗೆಗಳ ಮೇಲೆ ಅನವಶ್ಯಕ ಬಲ ಬೀಳುತ್ತದೆ.

ನಮ್ಮ ಸಲಹೆ

ಕೆರೂರಿನಿಂದ ಬಂದ ಜೀಪಿಗೂ ಅಂಥ ಬೇರೆ ಜೀಪುಗಳಿಗೂ ನಮ್ಮ ಉತ್ತರ ಇಷ್ಟು: ಗಾಡಿ ಹೆಚ್ಚಾಗಿ ತೋಟದ ಒಳದಾರಿಯಲ್ಲೇ ಓಡುವುದಾದರೆ ಪಕ್ಕದಿಂದ ತೆಗೆದು, ಕಚೇರಿಯಲ್ಲಿ ವಿಚಾರಿಸಿಕೊಂಡು, ಹಿಂದಕ್ಕೆ ಹಾಕಿಸಿ. ಹಾಗೆ ಮಾಡಿಸುವವರೆಗೆ ಒಳಗೆ ಬಿಗಿದು ಕಟ್ಟಿಕೊಳ್ಳಿ. ಹೆದ್ದಾರಿಗೂ ಬಯಲಿಗೂ ಓಡುವ ಗಾಡಿಯಾದರೆ ಪಕ್ಕದಲ್ಲಿದ್ದರೂ ಬಾಧಕವಿಲ್ಲ. ಜಾಗ ಯಾವುದೇ ಇರಲಿ, ಈ ಕೆಳಗಿನವು ಎಲ್ಲರಿಗೂ ಅನ್ವಯಿಸುತ್ತವೆ.

1. ಸ್ಟೆಪ್ನಿಯ ಗಾಳಿಯನ್ನು ತಿಂಗಳಿಗೊಮ್ಮೆ ನೋಡಿಸಿ. ಗಾಳಿ ತುಂಬುವ ಮೂತಿ ಹೊರಮುಖವಾಗಿದ್ದರೆ ಬಿಚ್ಚದೆಯೇ ನೋಡಬಹುದು.

2. ಸ್ಟೆಪ್ನಿ ಬಿಗಿಯುವ ನಟ್ಟುಗಳು ಚಕ್ರದ ನಟ್ಟಿನ ಅಳತೆಯವೇ ಆಗಿರಲಿ, ಒಂದೇ ಪಾನಾ ಸಾಕಾಗುತ್ತದೆ. ಬೀಗದ ನಟ್ಟು ಹಾಕಿದ್ದರೆ ಅದರ ಕೀಲಿ ಗಾಡಿಯಲ್ಲೇ ಇರಲಿ, ಮನೆಯ ಬೀರುವಿನಲ್ಲಲ್ಲ.

3. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಒಮ್ಮೆಯೂ ನೆಲ ಮುಟ್ಟದ ಸ್ಟೆಪ್ನಿಯೂ ಬಿಸಿಲಿಗೆ ಬಿರುಕು ಬಿಡುತ್ತದೆ. ಹೊರಗಿರುವುದಕ್ಕೆ ಒಂದು ಹೊದಿಕೆ ಹಾಕಿ. ಟೈರು ಬದಲಾಯಿಸುವ ಸರದಿಯಲ್ಲಿ ಸ್ಟೆಪ್ನಿಯನ್ನೂ ಸೇರಿಸಿಕೊಂಡರೆ ಐದೂ ಸಮನಾಗಿ ಸವೆಯುತ್ತವೆ.

4. ಕೆಸರಿನಲ್ಲಿ ಜಾಕು ಹೂತುಹೋಗುತ್ತದೆ. ಒಂದು ಅಡಿ ಚೌಕದ ದಪ್ಪ ಹಲಗೆ, ಚಕ್ರಕ್ಕೆ ತಡೆ ಕೊಡಲು ಎರಡು ಮರದ ತುಂಡು, ಒಂದು ಟಾರ್ಚು ಸ್ಟೆಪ್ನಿಯ ಜೊತೆಗೇ ಇರಬೇಕಾದ ಸಾಮಾನು.

5. ಹೊಸದಾಗಿ ಬಿಗಿಸಿದ ಬ್ರಾಕೆಟ್ಟಿನ ಬೋಲ್ಟುಗಳನ್ನು 50 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿಯಿರಿ.

ಕೊನೆಯದಾಗಿ, ಒಂದು ಬಿಡುವಿನ ದಿನ ಹಗಲಿನಲ್ಲಿ, ಅಂಗಳದಲ್ಲೇ, ಗಾಡಿ ಓಡಿಸುವವರೆಲ್ಲ ಸೇರಿ ಒಮ್ಮೆ ಸ್ಟೆಪ್ನಿ ಇಳಿಸಿ, ಹಾಕಿ, ಮತ್ತೆ ಏರಿಸಿ ನೋಡಿ. ಎಷ್ಟು ನಿಮಿಷ ಹಿಡಿಯಿತೆಂದು ಗಡಿಯಾರ ನೋಡಿಕೊಳ್ಳಿ. ಅಂಗಳದಲ್ಲಿ ಹದಿನೈದು ನಿಮಿಷ ಹಿಡಿದರೆ ಮಳೆಯ ರಾತ್ರಿಯಲ್ಲಿ ಅದರ ಎರಡರಷ್ಟು ಎಂದು ತಿಳಿಯಿರಿ. ಸಂಘದ ಗೋದಾಮಿನ ತೂಕದ ಯಂತ್ರದ ಮೇಲೆ ನಿಮ್ಮ ಸ್ಟೆಪ್ನಿಯನ್ನು ತೂಗಿ ನೋಡಲು ಯಾವ ಶುಲ್ಕವೂ ಇಲ್ಲ. ಸದಸ್ಯ ಬಂಧುಗಳು ತಮ್ಮ ಗಾಡಿಗಳಲ್ಲಿ ಮಾಡಿಕೊಂಡಿರುವ ಏರ್ಪಾಡುಗಳನ್ನು ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.